ಕಂಡಕ್ಟರನ ಮೆಟ್ಟಿಲು, ಯಜಮಾನನ ಕುರ್ಚಿ

ಶ್ರೀರಂಗಪಟ್ಟಣದ ಹತ್ತಿರದ ಕಿರಂಗೂರು ಸರ್ಕಲ್ಲಿನ ಟೀ ಅಂಗಡಿಗಳ ಮುಂದೆ ಬೆಳಿಗ್ಗೆ ಸುತ್ತಲಿನ ವ್ಯವಹಾರವೆಲ್ಲ ನೆರೆದಿರುತ್ತದೆ. ಆಲೆಮನೆ ನಡೆಸುವವರು, ಗೊಬ್ಬರದ ಅಂಗಡಿ ಇಟ್ಟವರು, ಕಬ್ಬಿನ ಲಾರಿಯವರು, ಮೈಸೂರು ರಸ್ತೆ ಬದಿಯಲ್ಲಿ ಹೋಟೆಲು ತೆರೆದವರು. ಮಾತು ಬೆಲ್ಲದ ರೇಟಿನಿಂದ ಶುರುವಾಗಿ, ಬ್ಯಾಂಕಿನ ಕಂತಿಗೆ ಹೊರಳಿ, ಬೀಪಿ ಮಾತ್ರೆಗೆ ಬಂದು ನಿಲ್ಲುತ್ತದೆ. "ಏನ್ ಮಾಡದಣ್ಣ, ಹತ್ತು ಜನಕ್ಕೆ ಯಜಮಾನ ಅಂದ್ಮೇಲೆ ಟೆನ್ಷನ್ ಇದ್ದದ್ದೇಯ" ಎಂದು ಒಬ್ಬರು ಅಂದರೆ ಉಳಿದವರು ತಲೆಯಾಡಿಸುತ್ತಾರೆ. ಪಕ್ಕದಲ್ಲೇ ಮೂಟೆ ಇಳಿಸುತ್ತಿರುವ ಆಳಿಗೆ ಬೀಪಿ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಅವನಿಗೇನು ಚಿಂತೆ, ದುಡಿದ, ಉಂಡ, ಮಲಗಿದ ಎಂಬುದು ಎಲ್ಲರ ಎಣಿಕೆ.

ಈ ಎಣಿಕೆ ಕಿರಂಗೂರಿನದಷ್ಟೇ ಅಲ್ಲ. ಕಳೆದ ಶತಮಾನದ ನಡುವಿನವರೆಗೆ ಓದಿದವರೂ ಡಾಕ್ಟರುಗಳೂ ಹೃದಯಾಘಾತವನ್ನು ಜವಾಬ್ದಾರಿ ಹೊತ್ತವರ ಕಾಯಿಲೆ ಎಂದೇ ತಿಳಿದಿದ್ದರು. ಮ್ಯಾನೇಜರು, ವಕೀಲ, ಕಂಪನಿ ಮಾಲೀಕ ಇಂಥವರ ತಲೆಯ ಮೇಲಿನ ಹೊರೆಯೇ ಎದೆಗೆ ಇಳಿಯುತ್ತದೆ ಎಂಬ ವಾದ. ಅದರಲ್ಲಿ ತಪ್ಪೆಲ್ಲಿದೆ ಎಂದು ಗೊತ್ತಾಗಲು ಸುಮಾರು 30 ವರ್ಷ ಹಿಡಿಯಿತು. ಐದು ಆಳು ಇಟ್ಟುಕೊಂಡು ವ್ಯಾಪಾರ ಮಾಡುವವರಿಂದ ಹಿಡಿದು ಐದು ಸಾವಿರ ಜನರ ಕಂಪನಿ ನಡೆಸುವವರವರೆಗೆ ಪ್ರತಿಯೊಬ್ಬರಿಗೂ ಈ ಕತೆ ಗೊತ್ತಿರಬೇಕು ಎಂದು ನನಗೆ ಅನ್ನಿಸುತ್ತದೆ. ಮುಂದಾಳು ತನ್ನ ದೇಹವನ್ನು ಹೇಗೆ ಇಟ್ಟುಕೊಳ್ಳಬೇಕು, ತನ್ನ ಕೈಕೆಳಗಿನವರನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ಎರಡು ಪ್ರಶ್ನೆಗಳು ಈ ಕತೆಯಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ.

ಜೆರ್ರಿ ಮಾರಿಸ್ ಹುಟ್ಟಿದ್ದು 1910ರಲ್ಲಿ, ಲಿವರ್‌ಪೂಲಿನಲ್ಲಿ. ಬೆಳೆದದ್ದು ಗ್ಲಾಸ್ಗೋದಲ್ಲಿ, ವಲಸೆ ಬಂದ ಬಡ ಯಹೂದಿ ಕುಟುಂಬದಲ್ಲಿ. ಎರಡನೇ ಮಹಾಯುದ್ಧದ ಕಾಲಕ್ಕೆ ಸೇನೆಯ ವೈದ್ಯರಾಗಿ ಭಾರತಕ್ಕೂ ಬಂದಿದ್ದರು. ಯುದ್ಧ ಮುಗಿದ ಮೇಲೆ, 1948ರಲ್ಲಿ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸಮಾಜ ಮತ್ತು ಆರೋಗ್ಯದ ನಂಟನ್ನು ಅಭ್ಯಾಸ ಮಾಡಲು ಒಂದು ಘಟಕ ತೆರೆದು ಅವರ ಕೈಗೆ ಕೊಟ್ಟಿತು. ನಡುವಯಸ್ಸಿನ ಗಂಡಸರು ಎದೆ ಹಿಡಿದುಕೊಂಡು ಕುಸಿದು ಸಾಯುವುದು ಆಗ ಹೆಚ್ಚುತ್ತಾ ಇತ್ತು. ಕಾರಣ ಯಾರಿಗೂ ಗೊತ್ತಿರಲಿಲ್ಲ. ಮನುಷ್ಯ ದಿನವಿಡೀ ಮಾಡುವ ಕೆಲಸಕ್ಕೂ ಈ ಸಾವಿಗೂ ಏನಾದರೂ ಸಂಬಂಧ ಇದೆಯೇ ನೋಡೋಣ ಎಂದು ಮಾರಿಸ್ ಹೊರಟರು.

ಅವರಿಗೆ ಸಿಕ್ಕಿದ್ದು ಲಂಡನ್ನಿನ ಎರಡಂತಸ್ತಿನ ಬಸ್ಸು. ಆರಿಸಿದ್ದು ಎಷ್ಟು ಚೆನ್ನಾಗಿತ್ತು ನೋಡಿ. ಡ್ರೈವರ್ ಮತ್ತು ಕಂಡಕ್ಟರ್ ಹೆಚ್ಚುಕಡಿಮೆ ಒಂದೇ ಬಗೆಯ ಮನೆಗಳಿಂದ ಬಂದವರು, ಒಂದೇ ಡಿಪೋದಲ್ಲಿ ಟೀ ಕುಡಿಯುವವರು, ಒಂದೇ ಹೊಗೆ ಸೇವಿಸುವವರು. ಬೇರೆಯಾಗಿದ್ದುದು ಒಂದೇ. ಡ್ರೈವರ್ ಪಾಳಿಯ ಬಹುಪಾಲು ಕುರ್ಚಿಗೆ ಅಂಟಿಕೊಂಡಿರುತ್ತಿದ್ದ, ಕಂಡಕ್ಟರ್ ಟಿಕೆಟ್ ಕೊಡುತ್ತಾ ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಓಡಾಡುತ್ತಲೇ ಇರುತ್ತಿದ್ದ. ಸಂಶೋಧಕರು ಬಸ್ಸಿನಲ್ಲೇ ಕೂತು ಎಣಿಸಿದರು. ಒಬ್ಬ ಕಂಡಕ್ಟರ್ ದಿನವೊಂದಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದ. ನಮ್ಮ ಪಾಂಡವಪುರದ ಬಸ್ಸಿಗೆ ಮಹಡಿ ಇಲ್ಲ ನಿಜ. ಆದರೆ ಸಂತೆಯ ದಿನ ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ಜನರ ನಡುವೆ ತೂರಿಕೊಂಡು ಹೋಗಿ "ಹೋಲ್ಡಾನ್" ಎಂದು ಕೂಗುವ ಕಂಡಕ್ಟರನ್ನು ನೋಡಿದವರಿಗೆ ಆ ದುಡಿಮೆ ಏನೆಂದು ಹೇಳಿಕೊಡಬೇಕಾಗಿಲ್ಲ.

35ರಿಂದ 64ರ ವಯಸ್ಸಿನ ಸುಮಾರು 31,000 ಸಾರಿಗೆ ನೌಕರರ ದಾಖಲೆಗಳನ್ನು ಕೂಡಿಸಿದರು. 1949ರಲ್ಲೇ ಲೆಕ್ಕ ಒಂದು ದಿಕ್ಕಿಗೆ ವಾಲತೊಡಗಿತ್ತು. ವರ್ಷಕ್ಕೆ ಸಾವಿರ ಡ್ರೈವರುಗಳಲ್ಲಿ 2.7 ಮಂದಿಗೆ ಹೃದಯದ ಕಾಯಿಲೆ ಕಾಣಿಸಿಕೊಂಡರೆ ಕಂಡಕ್ಟರುಗಳಲ್ಲಿ 1.9. ಆಘಾತವಾದ ಹೊಸತರಲ್ಲೇ ಜೀವ ಹೋಗುವುದಂತೂ ಕಂಡಕ್ಟರುಗಳಲ್ಲಿ ಸುಮಾರು ಅರ್ಧದಷ್ಟೇ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಪತ್ರಿಕೆಗೆ ಕಳಿಸಿಬಿಡುತ್ತಿದ್ದರು. ಮಾರಿಸ್ ತಮ್ಮ ಲೆಕ್ಕವನ್ನೇ ಅನುಮಾನಿಸಿದರು. ಲಂಡನ್ನಿನ ದಟ್ಟಣೆಯಲ್ಲಿ ಬಸ್ ಓಡಿಸುವುದೇ ಒಂದು ಆತಂಕವಲ್ಲವೇ? ಆ ಆತಂಕವೇ ಕಾರಣವಿದ್ದರೆ? ಹಾಗಾಗಿ ಅಂಚೆ ಇಲಾಖೆಯ ಕಡೆ ತಿರುಗಿದರು. ಅಲ್ಲಿ ಮನೆಮನೆಗೆ ನಡೆದೋ ಸೈಕಲ್ ತುಳಿದೋ ಕಾಗದ ಹಂಚುವ ಅಂಚೆಯವರು ಒಂದು ಕಡೆ, ಟೆಲಿಫೋನ್ ಬೋರ್ಡಿನ ಮುಂದೆ ಕೂರುವವರು ಮತ್ತು ಗುಮಾಸ್ತರು ಇನ್ನೊಂದು ಕಡೆ. ಅಲ್ಲಿ ಬಸ್ಸೂ ಇಲ್ಲ, ದಟ್ಟಣೆಯೂ ಇಲ್ಲ. ಲೆಕ್ಕ ಮಾತ್ರ ಅದೇ ಬಂತು. ಆಮೇಲೆ, 1953ರಲ್ಲಿ, 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಬಂಧ ಪ್ರಕಟವಾಯಿತು. ಬಹಳ ಜನ ನಂಬಲಿಲ್ಲ. ನಡೆದಾಡುವುದಕ್ಕೂ ಹೃದಯಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ಕೇಳುವ ಕಾಲ ಅದು.

ಟೀಕಿಸುವವರಿಗೆ ಒಳ್ಳೆಯ ಪ್ರಶ್ನೆಗಳೂ ಇದ್ದವು. ಮೊದಲೇ ದಪ್ಪಗಿದ್ದವರು ಡ್ರೈವರ್ ಕೆಲಸಕ್ಕೆ ಸೇರುತ್ತಿರಬಹುದಲ್ಲ? ಮಾರಿಸ್ ಸಾರಿಗೆ ಸಂಸ್ಥೆಯ ಸಮವಸ್ತ್ರದ ದಾಖಲೆ ತರಿಸಿಕೊಂಡು ಪ್ಯಾಂಟಿನ ಸೊಂಟದ ಅಳತೆಗಳನ್ನು ನೋಡಿದರು. ಡ್ರೈವರುಗಳ ಸೊಂಟ ದೊಡ್ಡದೇ ಇತ್ತು. ಆದರೆ ಒಂದೇ ಅಳತೆಯ ಪ್ಯಾಂಟು ಹಾಕುವ ಡ್ರೈವರ್ ಮತ್ತು ಕಂಡಕ್ಟರನ್ನು ಅಕ್ಕಪಕ್ಕ ಇಟ್ಟಾಗಲೂ ಡ್ರೈವರನಿಗೇ ಅಪಾಯ ಹೆಚ್ಚು. ಅಂದರೆ ತೆಳ್ಳಗಿದ್ದ ಮಾತ್ರಕ್ಕೆ ಕೂತೇ ಇರಬಹುದು ಎಂದಲ್ಲ. ಮುಂದೆ ಸಾವಿರಾರು ಶವಪರೀಕ್ಷೆಗಳ ವರದಿಗಳನ್ನು ದೇಶದುದ್ದಕ್ಕೂ ತರಿಸಿ ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ರಕ್ತನಾಳದ ಗೋಡೆಗೆ ಅಂಟಿದ ಕೊಬ್ಬು ಮೈಮುರಿದು ದುಡಿಯುವವರಲ್ಲೂ ಕೂತು ಕೆಲಸ ಮಾಡುವವರಲ್ಲೂ ಹೆಚ್ಚು ಬೇರೆಯಾಗಿರಲಿಲ್ಲ. ಹೃದಯದ ಸ್ನಾಯುವಿನಲ್ಲಿ ಉಳಿದ ಗಾಯದ ಕಲೆಗಳು ಮಾತ್ರ ಕೂತವರಲ್ಲೇ ಹೆಚ್ಚು. ಕೊಬ್ಬು ಎಲ್ಲರಿಗೂ ಕಟ್ಟುತ್ತದೆ, ಆದರೆ ದುಡಿದ ಹೃದಯ ಅದನ್ನು ತಾಳಿಕೊಳ್ಳುತ್ತದೆ.

ಈ ನಡುವೆ ಹಳೆಯ ನಂಬಿಕೆಗೆ ಅಮೆರಿಕದಿಂದ ಬಲವಾದ ಆಸರೆ ಸಿಕ್ಕಿತು. 1958ರಲ್ಲಿ ವಾಲ್ಟರ್ ರೀಡ್ ಸೇನಾ ಸಂಶೋಧನಾ ಸಂಸ್ಥೆಯ ಜೋಸೆಫ್ ಬ್ರೇಡಿ ಕೋತಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಎರಡೆರಡು ಕೋತಿಗಳಂತೆ ನಾಲ್ಕು ಜೋಡಿ. ಪ್ರತಿ ಜೋಡಿಯಲ್ಲಿ ಒಂದರ ಕೈಯಲ್ಲಿ ನಿಜವಾದ ಸನ್ನೆಕೋಲು. ಅದನ್ನು ಹೊತ್ತಿಗೆ ಸರಿಯಾಗಿ ಒತ್ತಿದರೆ ಎರಡಕ್ಕೂ ಕರೆಂಟಿನ ಹೊಡೆತ ತಪ್ಪುತ್ತದೆ. ಇನ್ನೊಂದರ ಕೈಯಲ್ಲಿದ್ದದ್ದು ಏನೂ ಮಾಡದ ಕೋಲು. ಸನ್ನೆಕೋಲು ಹಿಡಿದ 'ಅಧಿಕಾರಿ ಕೋತಿ'ಗಳು ಹೊಟ್ಟೆಹುಣ್ಣಾಗಿ ಸತ್ತವು, ಜೊತೆಯವು ಉಳಿದವು. ಪತ್ರಿಕೆಗಳಿಗೆ ಇದಕ್ಕಿಂತ ಬೇಕೇ? ನಿರ್ಧಾರ ಮಾಡುವವನೇ ಸಾಯುತ್ತಾನೆ ಎಂಬ ಮಾತು ಜಗತ್ತನ್ನೆಲ್ಲ ಸುತ್ತಿತು.

ತಪ್ಪು ಇದ್ದದ್ದು ಕೋತಿಗಳನ್ನು ಆರಿಸಿದ ರೀತಿಯಲ್ಲಿ. ಮೊದಲು ಒಂದು ಪರೀಕ್ಷೆ ಮಾಡಿ, ಬೇಗಬೇಗ ಸನ್ನೆಕೋಲು ಒತ್ತುವ ಚುರುಕಿನ ಕೋತಿಗಳನ್ನೇ ಅಧಿಕಾರಿಯನ್ನಾಗಿ ಮಾಡಿದ್ದರು. ಹುಟ್ಟಿನಿಂದಲೇ ತಳಮಳ ಹೆಚ್ಚಿದ್ದ ಪ್ರಾಣಿಗಳಿರಬಹುದು ಅವು. ಮುಂದೆ ನ್ಯೂಯಾರ್ಕಿನಲ್ಲಿ ಜೇ ವೈಸ್ ಇಲಿಗಳ ಮೇಲೆ ಇದೇ ಬಗೆಯ ಪ್ರಯೋಗ ಮಾಡಿದಾಗ ಹಾಗೆ ಆರಿಸಲಿಲ್ಲ, ಯಾವ ಇಲಿಗೆ ಯಾವ ಜಾಗ ಎಂಬುದನ್ನು ಅದೃಷ್ಟಕ್ಕೆ ಬಿಟ್ಟರು. ಫಲಿತಾಂಶ ತಲೆಕೆಳಗಾಯಿತು. ಹೊಡೆತವನ್ನು ತಾನೇ ತಪ್ಪಿಸಿಕೊಳ್ಳಬಲ್ಲ ಇಲಿಗೆ ಹುಣ್ಣು ಕಡಿಮೆ. ಅಷ್ಟೇ ಹೊಡೆತ ತಿಂದು ಏನೂ ಮಾಡಲಾರದೆ ಕೂತ ಇಲಿಗೆ ಹುಣ್ಣು ಹೆಚ್ಚು. ಈ ಎರಡನೆಯ ಪ್ರಯೋಗದ ಸುದ್ದಿ ಮೊದಲನೆಯದರಷ್ಟು ದೂರ ಹರಡಲಿಲ್ಲ ಎಂಬುದು ನನಗೆ ಇವತ್ತಿಗೂ ಬೇಸರದ ಸಂಗತಿ. ಯಜಮಾನಿಕೆಯೇ ಕಾಯಿಲೆ ಎಂಬ ಮಾತು ಕೇಳಲು ಹಿತ, ಅದಕ್ಕೇ ಅದು ಉಳಿದುಕೊಂಡಿತು.

ಮಾರಿಸ್‌ಗೆ ಇನ್ನೊಂದು ಪ್ರಶ್ನೆ ಕಾಡುತ್ತಿತ್ತು. ಕಂಡಕ್ಟರನ ಕೆಲಸವೇ ಅವನಿಗೆ ವ್ಯಾಯಾಮ ಆಯಿತು, ಸರಿ. ಕುರ್ಚಿ ಬಿಡಲಾಗದ ಅಧಿಕಾರಿ ಏನು ಮಾಡಬೇಕು? 1968ರಿಂದ 1970ರವರೆಗೆ ಅವರು ಬ್ರಿಟನ್ನಿನ ಸರ್ಕಾರಿ ಕಚೇರಿಗಳಲ್ಲಿ 40ರಿಂದ 64 ವಯಸ್ಸಿನ 16,882 ಅಧಿಕಾರಿಗಳನ್ನು ಹಿಡಿದರು. ಮುನ್ಸೂಚನೆ ಇಲ್ಲದೆ ಸೋಮವಾರ ಬೆಳಿಗ್ಗೆ ಹಾಳೆ ಕೈಗೆ ಬರುತ್ತಿತ್ತು. ಹಿಂದಿನ ಶುಕ್ರವಾರ, ಶನಿವಾರ ಏನೇನು ಮಾಡಿದಿರಿ ಎಂದು ಐದೈದು ನಿಮಿಷದ ಲೆಕ್ಕದಲ್ಲಿ ಬರೆಯಬೇಕು. ಸೋಮವಾರವನ್ನೇ ಆರಿಸಿದ್ದರಲ್ಲಿ ಜಾಣತನ ಇದೆ, ರಜೆಯ ದಿನದ ನೆನಪು ಇನ್ನೂ ಹಸಿಯಾಗಿರುತ್ತದೆ. 1973ರಲ್ಲಿ ಉತ್ತರ ಬಂತು. ಬಿಡುವಿನಲ್ಲಿ ಮೈ ಬೆವರುವಂತೆ ಈಜಿದ, ಓಡಿದ, ತೋಟ ಅಗೆದ ಅಧಿಕಾರಿಗಳಿಗೆ ಹೃದಯದ ಕಾಯಿಲೆಯ ಅಪಾಯ ಉಳಿದವರ ಸುಮಾರು ಮೂರನೇ ಒಂದು ಪಾಲು. ಹಾಗೆ ಹೀಗೆ ಅಡ್ಡಾಡಿದವರಿಗೆ ಅಷ್ಟೇನೂ ಲಾಭ ಕಾಣಲಿಲ್ಲ. ಚುರುಕಾಗಿ ನಡೆದರೂ ಲಾಭವಿದೆ ಎಂದು ಮುಂದಿನ ಅಧ್ಯಯನಗಳು ತೋರಿಸಿದವು. ಇವತ್ತು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ.

ಮಾರಿಸ್ ತಾವು ಕಂಡುಕೊಂಡದ್ದನ್ನು ತಮ್ಮ ಮೈಮೇಲೇ ತಂದುಕೊಂಡರು. ಚಿಕ್ಕವರಿದ್ದಾಗ ತಂದೆ ಮಕ್ಕಳನ್ನು ನಾಲ್ಕು ಮೈಲಿ ನಡೆಸಿಕೊಂಡು ಹೋಗುತ್ತಿದ್ದರಂತೆ, ಗಂಟೆಯೊಳಗೆ ಮುಗಿಸಿದರೆ ಐಸ್‌ಕ್ರೀಂ. ಹಿರಿಯ ವಿಜ್ಞಾನಿಯಾದ ಮೇಲೆ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಹೀತ್ ಬಯಲಿನಲ್ಲಿ ಅವರು ಓಡುವುದನ್ನು ನೋಡಿದ ಜನ ತಲೆ ಕೆಟ್ಟಿದೆ ಎಂದುಕೊಂಡರು. ಆ ಓಡುವ ಮನುಷ್ಯ 2009ರಲ್ಲಿ 99ನೇ ವಯಸ್ಸಿನಲ್ಲಿ ತೀರಿಕೊಂಡರು, ಕೊನೆಯ ವರ್ಷಗಳವರೆಗೂ ಕೆಲಸ ಬಿಟ್ಟಿರಲಿಲ್ಲ.

ಇಷ್ಟು ಹೇಳಿದ ಮೇಲೆ ಈ ಕಡೆಯ ಓದುಗರಿಗೆ ವಿಶ್ವೇಶ್ವರಯ್ಯನವರು ನೆನಪಾಗದೆ ಇರುವುದಿಲ್ಲ. ಮಂಡ್ಯ ಸೀಮೆಯ ಗದ್ದೆಗಳಿಗೆ ಬಂದ ಕಾವೇರಿ ನೀರಿನ ಭಾಗ್ಯದ ಹಿಂದೆ ಅವರ ದುಡಿಮೆ ಇದೆ. 1911ರಲ್ಲಿ ಕನ್ನಂಬಾಡಿಯ ಕಟ್ಟೆಗೆ ಕೈಹಾಕಿದವರು, 1912ರಿಂದ 1918ರವರೆಗೆ ದಿವಾನರಾಗಿದ್ದವರು, 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಕಟ್ಟಲು ಮುಂದೆ ನಿಂತವರು. ನಮ್ಮ ನಾಡಿನ ವ್ಯಾಪಾರಸ್ಥರು ಒಂದು ಸಂಸ್ಥೆಯಾಗಿ ಕೂತು ಮಾತಾಡಲು ಕಲಿತದ್ದು ಆ ಮಂಡಳಿಯಲ್ಲಿ. ಅವರ ದಿನಚರಿ, ತಪ್ಪದ ನಡಿಗೆ, ಮಿತವಾದ ಊಟ, ಹೊತ್ತಿಗೆ ಸರಿಯಾಗಿ ಹಾಜರಾಗುವ ಪದ್ಧತಿ ಮಂಡ್ಯ ಸೀಮೆಯ ಶಾಲಾ ಮಕ್ಕಳಿಗೂ ಗೊತ್ತು. 90 ದಾಟಿದ ಮೇಲೂ ಗಂಗಾ ನದಿಯ ಸೇತುವೆಗೆ ಜಾಗ ನೋಡಲು ಬಿಹಾರಕ್ಕೆ ಹೋದವರು, ನೂರು ದಾಟಿ 1962ರಲ್ಲಿ ತೀರಿಕೊಂಡರು. ಅವರನ್ನು ಎಷ್ಟು ಗೌರವಿಸಿದರೂ ಸಾಲದು. ಆದರೂ ಒಬ್ಬರ ನೂರು ವರ್ಷ ಪುರಾವೆ ಆಗುವುದಿಲ್ಲ. ಬೀಡಿ ಸೇದುತ್ತಲೇ ತೊಂಬತ್ತು ಮುಟ್ಟಿದ ಅಜ್ಜನನ್ನು ಪ್ರತಿ ಊರೂ ತೋರಿಸುತ್ತದೆ. 31,000 ಜನರನ್ನು ಹೋಲಿಸಿ ನೋಡಿದ ಮೇಲೆ ಮಾತ್ರ ಸರ್ ಎಂ.ವಿ. ನಡಿಗೆ ಅವರ ಸ್ವಂತ ಶಿಸ್ತು ಎಂಬುದರಾಚೆಗೆ ಎಲ್ಲರಿಗೂ ಅನ್ವಯಿಸುವ ತಿಳಿವಳಿಕೆ ಆಯಿತು.

ಇನ್ನು ಕತೆಯ ಎರಡನೆಯ ಅರ್ಧ. ನನ್ನ ಪ್ರಕಾರ ದೊಡ್ಡ ಅರ್ಧ ಇದೇ.

1967ರಲ್ಲಿ ಡೊನಾಲ್ಡ್ ರೀಡ್ ಮತ್ತು ಜೆಫ್ರಿ ರೋಸ್ ಲಂಡನ್ನಿನ ವೈಟ್‌ಹಾಲ್ ಸರ್ಕಾರಿ ಕಚೇರಿಗಳ ಸುಮಾರು 18,000 ಗಂಡಸರ ಆರೋಗ್ಯ ತಪಾಸಣೆ ಶುರುಮಾಡಿದರು. ಮುಂದೆ ಮೈಕೆಲ್ ಮಾರ್ಮಟ್ ಎಂಬ ಯುವ ವೈದ್ಯ ಸೇರಿಕೊಂಡರು. ಎಲ್ಲರಿಗೂ ಖಾಯಂ ನೌಕರಿ, ಯಾರೂ ಹಸಿದವರಲ್ಲ, ಎಲ್ಲರಿಗೂ ಒಂದೇ ಸರ್ಕಾರಿ ಆಸ್ಪತ್ರೆ ವ್ಯವಸ್ಥೆ. ಯಜಮಾನಿಕೆ ಕಾಯಿಲೆಯಾಗಿದ್ದರೆ ಮೇಲಿನ ಅಧಿಕಾರಿಗಳು ಮೊದಲು ಸಾಯಬೇಕಿತ್ತು. 1978ರಲ್ಲಿ ಬಂದ ಲೆಕ್ಕ ಬೇರೆಯೇ ಹೇಳಿತು. ಏಳೂವರೆ ವರ್ಷದಲ್ಲಿ ಕಟ್ಟಕಡೆಯ ದರ್ಜೆಯ ಜವಾನರಲ್ಲಿ ಹೃದಯದ ಕಾಯಿಲೆಯ ಸಾವು ಎಲ್ಲರಿಗಿಂತ ಮೇಲಿನ ಆಡಳಿತಗಾರರ 3.6 ಪಟ್ಟು. ನಡುವಿನವರು ನಡುವಲ್ಲೇ. ಒಂದೊಂದು ದರ್ಜೆ ಕೆಳಗಿಳಿದ ಹಾಗೆ ಸಾವು ಒಂದೊಂದು ಹೆಜ್ಜೆ ಏರುತ್ತಿತ್ತು. ಕೆಳಗಿನವರು ಸಿಗರೇಟು ಹೆಚ್ಚು ಸೇದುತ್ತಿದ್ದರು, ನಿಜ. ಆದರೆ ಸಿಗರೇಟು, ರಕ್ತದೊತ್ತಡ, ಕೊಲೆಸ್ಟ್ರಾಲ್ ಎಲ್ಲ ಕಳೆದ ಮೇಲೂ ಆ ಅಂತರದ ಅರ್ಧಕ್ಕಿಂತ ಹೆಚ್ಚು ಹಾಗೇ ಉಳಿಯಿತು.

ಉಳಿದದ್ದು ಏನು ಎಂದು ಹುಡುಕಲು 1985ರಲ್ಲಿ ಎರಡನೇ ವೈಟ್‌ಹಾಲ್ ಅಧ್ಯಯನ ಶುರುವಾಯಿತು. ಈ ಸಲ ಹೆಂಗಸರನ್ನೂ ಸೇರಿಸಿ 10,308 ನೌಕರರು. ಕೆಲಸ ಎಷ್ಟಿದೆ ಎನ್ನುವುದರ ಜೊತೆಗೆ ಆ ಕೆಲಸವನ್ನು ಹೇಗೆ, ಯಾವಾಗ, ಯಾವ ವೇಗದಲ್ಲಿ ಮಾಡಬೇಕೆಂಬುದರಲ್ಲಿ ನಿಮ್ಮ ಮಾತು ನಡೆಯುತ್ತದೆಯೇ ಎಂದೂ ಕೇಳಿದರು. ಮಾತು ನಡೆಯದವರಲ್ಲೇ ಹೃದಯದ ಕಾಯಿಲೆ ಹೆಚ್ಚು ಕಂಡಿತು. ದರ್ಜೆಗಳ ನಡುವಿನ ಅಂತರದ ದೊಡ್ಡ ಪಾಲು ಇಲ್ಲಿತ್ತು. ಜೇ ವೈಸ್‌ರ ಇಲಿಗಳು ಹೇಳಿದ್ದನ್ನೇ ವೈಟ್‌ಹಾಲಿನ ಜವಾನರ ಎದೆಯೂ ಹೇಳಿತು.

ಇದನ್ನು ಹಿಡಿದುಕೊಂಡು ನಮ್ಮ ಆಲೆಮನೆಯೊಂದಕ್ಕೆ ಬನ್ನಿ. ಗಾಣದಲ್ಲಿ ಅರೆದ ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುತ್ತದೆ. ಕೆಳಗೆ ಒಲೆಯ ಬಾಯಲ್ಲಿ ಒಬ್ಬ ಒಣಗಿದ ಕಬ್ಬಿನ ರಚ್ಚು ತುಂಬುತ್ತಲೇ ಇರುತ್ತಾನೆ. ಮೇಲೆ ಕೊಪ್ಪರಿಗೆಯ ಬಳಿ ಪಾಕ ನೋಡುವವನು ಮಡ್ಡಿ ತೆಗೆದು, ಕುದಿಯುವ ಸದ್ದು ಕೇಳಿ, ಒಂದಿಷ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾನೆ. ಅವನು ಇಳಿಸಿ ಎಂದಾಗ ಇಳಿಸಲೇಬೇಕು, ಮಾಲೀಕನೂ ಎದುರಾಡುವಂತಿಲ್ಲ. ಇಬ್ಬರಿಗೂ ಒಂದೇ ಬಿಸಿ, ಒಂದೇ ಹೊಗೆ, ಒಂದೇ ರಾತ್ರಿಪಾಳಿ. ಆದರೆ ಪಾಕದವನ ಮಾತು ನಡೆಯುತ್ತದೆ, ಒಲೆಯವನದು ನಡೆಯುವುದಿಲ್ಲ. ಯಾವಾಗ ನೀರು ಕುಡಿಯಬೇಕು, ಯಾವಾಗ ಹೊರಗೆ ಗಾಳಿಗೆ ಹೋಗಬೇಕು ಎಂಬುದೂ ಅವನ ಕೈಯಲ್ಲಿಲ್ಲ. ಮಾಲೀಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೊಬೈಲ್ ಹಿಡಿದು ಮಂಡಿಯ ರೇಟು ಕೇಳುತ್ತಾ ಮೂರನೇ ಸಕ್ಕರೆ ಟೀ ಕುಡಿಯುತ್ತಿರುತ್ತಾನೆ. ಮಾರಿಸ್ ಬಂದಿದ್ದರೆ ಕುರ್ಚಿ ನೋಡುತ್ತಿದ್ದರು, ಮಾರ್ಮಟ್ ಬಂದಿದ್ದರೆ ಒಲೆಯ ಬಾಯಿ ನೋಡುತ್ತಿದ್ದರು. ಮುಂದಾಳು ಎನಿಸಿಕೊಂಡವನು ಎರಡನ್ನೂ ನೋಡಬೇಕು.

ಕುರ್ಚಿಯ ವಿಷಯ ನಮಗೆ ಇಂಗ್ಲೆಂಡಿನವರಿಗಿಂತ ತುರ್ತಿನದು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೂ ಪಾಲುಗೊಂಡಿದ್ದರು. ಅದರ ದಕ್ಷಿಣ ಏಷ್ಯಾದ ಅಂಕಿಗಳನ್ನು 2007ರಲ್ಲಿ ಬಿಡಿಸಿ ನೋಡಿದಾಗ, ಮೊದಲ ಹೃದಯಾಘಾತ ನಮ್ಮ ಕಡೆಯವರಿಗೆ ಸುಮಾರು 53ಕ್ಕೇ, ಉಳಿದ ದೇಶಗಳವರಿಗೆ 59ರ ಹತ್ತಿರ. ಕಾಯಿಲೆಯಿಲ್ಲದ ಜನರನ್ನೇ ತೆಗೆದುಕೊಂಡರೂ, ಮೈ ದಣಿಯುವಷ್ಟು ವ್ಯಾಯಾಮ ಮಾಡುವವರು ನಮ್ಮಲ್ಲಿ ನೂರಕ್ಕೆ ಆರು, ಬೇರೆಡೆ ಇಪ್ಪತ್ತರ ಮೇಲೆ. 53 ಅಂದರೆ ವ್ಯಾಪಾರ ಕೈಗೆ ಹತ್ತಿ, ಮಗ ಇನ್ನೂ ಓದುತ್ತಿರುವ ವಯಸ್ಸು. ಗುಟ್ಟೆಲ್ಲ ಒಬ್ಬರ ತಲೆಯಲ್ಲೇ ಇಟ್ಟುಕೊಂಡ ಯಜಮಾನ ಆಗ ಬಿದ್ದರೆ ಸಾಲ ಕೊಟ್ಟವರ ಹೆಸರೂ ಮನೆಯವರಿಗೆ ಗೊತ್ತಿರುವುದಿಲ್ಲ. ಕೆಲಸ ಹಂಚುವ ಅಭ್ಯಾಸ ಇಲ್ಲಿಗೇ ಬಂದು ಸೇರುತ್ತದೆ. ಒಲೆಯವನಿಗೂ ಲೆಕ್ಕದವನಿಗೂ ಒಂದಿಷ್ಟು ನಿರ್ಧಾರ ಬಿಟ್ಟುಕೊಟ್ಟ ಮಾಲೀಕನಿಗೆ ಬೆಳಿಗ್ಗೆ ಮುಕ್ಕಾಲು ಗಂಟೆ ನಡೆಯಲು ಬಿಡುವು ಸಿಗುತ್ತದೆ. ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಹೊರಡುವುದು ಕಿರಂಗೂರಿನ ಬನ್ನಿಮಂಟಪದಿಂದ. ವರ್ಷಕ್ಕೊಂದು ಸಲ ಆನೆಯ ಹಿಂದೆ ನಡೆಯುವ ಆ ದಾರಿ ಉಳಿದ ದಿನಗಳಲ್ಲೂ ನಡೆಯಲು ಚೆನ್ನಾಗಿಯೇ ಇದೆ. ಸ್ಕೂಟರ್ ಮನೆಯಲ್ಲಿ ಬಿಟ್ಟರೆ ಸಾಕು.

ಮಾರಿಸ್ ತಮ್ಮ ಇನ್ನೊಂದು ದೊಡ್ಡ ಕೆಲಸವನ್ನು 90ನೇ ವಯಸ್ಸಿನಲ್ಲಿ ಪ್ರಕಟಿಸಿದರು. ಅದು ವ್ಯಾಯಾಮದ ಬಗ್ಗೆ ಅಲ್ಲ, ಕೂಲಿಯ ಬಗ್ಗೆ. ಒಂಟಿಯಾಗಿರುವ ಒಬ್ಬ ಯುವ ಕೆಲಸಗಾರ ಆರೋಗ್ಯವಾಗಿ ಬಾಳಲು ವಾರಕ್ಕೆ ಎಷ್ಟು ಹಣ ಬೇಕು? ಊಟ, ಬಾಡಿಗೆ, ಬಟ್ಟೆ, ಓಡಾಟ, ಗೆಳೆಯರ ಜೊತೆ ಕಳೆಯುವ ಹೊತ್ತು, ವ್ಯಾಯಾಮದ ಖರ್ಚು ಎಲ್ಲವನ್ನೂ ಆವರೆಗಿನ ವೈದ್ಯಕೀಯ ತಿಳಿವಳಿಕೆಯ ಪ್ರಕಾರ ಒಂದೊಂದಾಗಿ ಕೂಡಿಸಿದರು. 1999ರ ಬೆಲೆಯಲ್ಲಿ 131 ಪೌಂಡ್ 86 ಪೆನ್ಸ್ ಬಂತು. ಆಗಷ್ಟೇ ಜಾರಿಗೆ ಬಂದಿದ್ದ ಬ್ರಿಟನ್ನಿನ ಕನಿಷ್ಠ ಕೂಲಿಯಲ್ಲಿ ವಾರವಿಡೀ ದುಡಿದರೂ ಕೈಗೆ ಅಷ್ಟು ಸಿಗುತ್ತಿರಲಿಲ್ಲ. ಇದೇ ಲೆಕ್ಕವನ್ನು ಕಿರಂಗೂರಿನ ಯಾವ ಮಾಲೀಕರೂ ಒಂದು ಹಾಳೆಯ ಮೇಲೆ ಹಾಕಬಹುದು: ರಾಗಿ, ಅಕ್ಕಿ, ಬೇಳೆ, ಮೊಟ್ಟೆ, ಸೊಪ್ಪು, ಬಾಡಿಗೆ, ಬಸ್ ಚಾರ್ಜು, ಮಾತ್ರೆ, ಮಕ್ಕಳ ಫೀಸು, ತಿಂಗಳಿಗೆ ನಾಲ್ಕು ದಿನ ರಜೆ. ಕೂಡಿಸಿದ ಮೊತ್ತವನ್ನು ಒಲೆಯ ಬಾಯಲ್ಲಿ ನಿಂತವನಿಗೆ ತಾವು ಕೊಡುತ್ತಿರುವ ಬಟವಾಡೆಯ ಪಕ್ಕದಲ್ಲಿಟ್ಟು ನೋಡಬಹುದು.